ಅತ್ತೆಯ ಕಾಲಿಗೆ ರಷ್ಯಾದ ಮೇಳ

ಪದ ತಿಳಿಯದಿದ್ದರೂ ಹಾಡು ದೇವರದೋ ಮನುಷ್ಯರದೋ ಎಂದು ಕೇಳಿದ ಕೂಡಲೇ ಹೇಳಿಬಿಡಬಲ್ಲೆ ಎಂಬ ಜಂಬ ಕೆಲವರಿಗಿರುತ್ತದೆ. ಆ ಕೆಲವರಲ್ಲಿ ನಾನೂ ಒಬ್ಬ. ಕೊಳ್ಳೇಗಾಲದ ನಮ್ಮ ಬೀದಿಯ ಭಜನಾ ಮಂಡಳಿಯಲ್ಲಿ ತಾಳ ಹಾಕುವವನು ನಾನೇ. ಹಾಡುತ್ತೇನೆಂದರೆ ಯಾರೂ ಬಿಡುವುದಿಲ್ಲ, ಆದ್ದರಿಂದ ತಾಳ. ನಮ್ಮ ಕಡೆ ದೇವರ ಹಾಡೆಂದರೆ ನೆಲ ಅದುರಬೇಕು, ಅಂಗೈ ಕೆಂಪಾಗಬೇಕು, ಕೊನೆಯ ಸಾಲಿಗೆ ಬರುವ ಹೊತ್ತಿಗೆ ಕೂತವರೆಲ್ಲ ಅರ್ಧ ಎದ್ದಿರಬೇಕು. ಮೆಲ್ಲಗೆ ಹಾಡಿದರೆ ದೇವರಿಗೆ ಕೇಳಿಸುವುದಾದರೂ ಹೇಗೆ ಎಂಬುದು ನಮ್ಮ ಮಂಡಳಿಯ ಸಿದ್ಧಾಂತ. ಈ ಸಿದ್ಧಾಂತವನ್ನು ರಷ್ಯಾದವರ ಮೇಲೂ ಹೇರಲು ಹೋಗಿ ಏನಾಯಿತೆಂದು ಹೇಳುವ ಮೊದಲು ನಮ್ಮ ಅತ್ತೆಯವರ ಕಾಲಿನ ವಿಷಯ ಹೇಳಬೇಕು.

ಅತ್ತೆ ಬಂಡಳ್ಳಿಯವರು. ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಆರೈಕೆಗೆಂದು ನಮ್ಮ ಮನೆಗೆ ಬಂದರು. ಈಗ ನಡೆಸದಿದ್ದರೆ ಕಾಲು ಮರಗಟ್ಟಿ ಮತ್ತೆ ಏಳುವುದೇ ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು. ನನ್ನ ಹೆಂಡತಿ ಮಧುವನಹಳ್ಳಿಯ ಅಂಗನವಾಡಿಗೆ ಹೋದರೆ ಬರುವುದು ಸಂಜೆಗೆ. ಯಳಂದೂರಿನಲ್ಲಿ ಮೇಷ್ಟರಾಗಿದ್ದು ನಿವೃತ್ತನಾದ ನಾನು ಹಗಲೆಲ್ಲ ಮನೆಯಲ್ಲೇ ಇರುತ್ತೇನೆ. ಆದರೆ ನಾನು ಇದ್ದು ಏನು ಪ್ರಯೋಜನ? ಮದುವೆಯಾದಾಗಿನಿಂದ ಅತ್ತೆ ನನ್ನೊಡನೆ ಮಾತಾಡಿದ್ದೆಲ್ಲ ಬಾಗಿಲ ಮರೆಯಿಂದ. ನನ್ನೆದುರು ಕುರ್ಚಿಯಲ್ಲಿ ಕೂತವರಲ್ಲ. ಈಗ ನಾನು ಕೈ ಚಾಚಿದರೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ಮುಖ ಮಾಡುತ್ತಿದ್ದರು.

“ಬ್ಯಾಡಿ ಅಳಿಯಂದ್ರೇ, ಅಳಿಯನ ಕೈ ಇಡ್ಕಂಡು ನಡದ್ರೆ ನೋಡ್ದೋರು ಏನಂದಾರು? ಮಗ್ಳು ಬರ್ಲಿ.”

ಮಗಳು ಬರುವ ಹೊತ್ತಿಗೆ, “ಇವತ್ತು ಸುಸ್ತು ಕಣವ್ವ, ನಾಳೀಕೆ ನೋಡವ” ಎನ್ನುತ್ತಿದ್ದರು. ಬಂಡಳ್ಳಿಯ ಮದುವೆಗಳಲ್ಲಿ ಹಾಡಿಗೆ ಮುಂದಾಳಾಗಿದ್ದ ಹೆಂಗಸು ನಮ್ಮ ಮನೆಗೆ ಬಂದ ಮೇಲೆ ಒಂದು ಸಾಲನ್ನೂ ಗುನುಗಲಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಕಾಲಿಗಿಂತ ಮೊದಲು ಮನಸ್ಸೇ ಮರಗಟ್ಟುತ್ತಿದೆ ಎನಿಸುತ್ತಿತ್ತು.

ಹನೂರಿನ ನನ್ನ ಗೆಳೆಯನ ಮಗಳು ಸೌಮ್ಯ ರಷ್ಯಾದಲ್ಲಿ ಡಾಕ್ಟರಿಕೆ ಓದಿ ಬಂದವಳು. ಅತ್ತೆಯನ್ನು ನೋಡಲು ಬಂದಾಗ ನನ್ನ ಸಂಗೀತಪ್ರೇಮದ ಪ್ರವರ ಕೇಳಿ, ತಾನು ಓದಿದ ಊರಿನ ಮೇಳವೊಂದರ ಹಾಡುಗಳನ್ನು ನನ್ನ ಫೋನಿಗೆ ಹಾಕಿಕೊಟ್ಟಳು. “ಅಂಕಲ್, ಇದರಲ್ಲಿ ಅರ್ಧ ಚರ್ಚಿನವು, ಅರ್ಧ ಹಳ್ಳಿ ಹಾಡು. ಅಜ್ಜಿಗೂ ಕೇಳಿಸಿ” ಎಂದಳು. ಯಾವುದು ಯಾವ ಅರ್ಧ ಎಂದು ನಾನು ಕೇಳಲಿಲ್ಲ. ತಾಳ ಹಾಕುವವನು ಅದನ್ನೆಲ್ಲ ಕೇಳುವುದುಂಟೇ? ಒಂದಿಡೀ ಮಧ್ಯಾಹ್ನ ಕೂತು ವಿಂಗಡಿಸಿದೆ. ಹೆಂಗಸೊಬ್ಬಳು ಗಟ್ಟಿಯಾಗಿ ಎತ್ತಿ, ಉಳಿದವರು ಹೋ ಎಂದು ಮುಗಿಬಿದ್ದು, ಮಧ್ಯೆ ಕೇಕೆ ಹಾಕುವ ಹಾಡುಗಳೆಲ್ಲ ದೇವರವು. ಗಂಡಸರು ಬಾವಿಯೊಳಗಿಂದ ಎಂಬಂತೆ ತಗ್ಗಿನ ದನಿಯಲ್ಲಿ, ವಾದ್ಯವೇ ಇಲ್ಲದೆ ನಿಧಾನವಾಗಿ ಎಳೆಯುವವೆಲ್ಲ ಹೆಂಡತಿ ತವರಿಗೆ ಹೋದವರ ವಿರಹ. ಬೆಳಿಗ್ಗೆ ಪೂಜೆಗೆ ಮೊದಲನೆಯವು, ಸಂಜೆ ಕಾಫಿಗೆ ಎರಡನೆಯವು ಎಂದು ಗೊತ್ತುಮಾಡಿದೆ. ವಿರಹ ಹಾಕಿದ ಮೊದಲ ಸಂಜೆಯೇ ಪಕ್ಕದ ಮನೆಯ ಪುಟ್ಟಮಾದಪ್ಪ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು ಬಂದು, “ಯಾರ್ ತೀರ್ಕಂಡ್ರು ಸಾ?” ಎಂದು ಮೆಲ್ಲಗೆ ಕೇಳಿದ. ಅತ್ತೆ ಮಂಚದಿಂದಲೇ, “ನಾನಿನ್ನೂ ಇವ್ನಿ ಕಣಪ್ಪ” ಎಂದರು.

ಮುಂದಿನ ಭಾನುವಾರ ಬೆಳಿಗ್ಗೆ ಸೌಮ್ಯ ಬಂದಾಗ ನಾನು ಮಂಗಳಾರತಿ ಎತ್ತುತ್ತಿದ್ದೆ. ಫೋನಿನಲ್ಲಿ ರಷ್ಯಾದ ಹೆಂಗಸರು ಕೇಕೆ ಹಾಕುತ್ತಿದ್ದರು. ಹೆಂಡತಿ ಗಂಟೆ ಬಾರಿಸುತ್ತಿದ್ದಳು. ಸೌಮ್ಯ ಬಾಗಿಲಲ್ಲೇ ನಿಂತು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

“ಅಂಕಲ್, ಇದು ಮದುವೆಮನೆ ಹಾಡು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನ ಆಡ್ಕೊಳ್ಳೋದು. ನೀವು ಸಂಜೆ ಹಾಕ್ತೀರಂತಲ್ಲ, ಅದು ದೇವರದು. ಅವರ ಚರ್ಚಲ್ಲಿ ವಾದ್ಯ ಮುಟ್ಟೋ ಹಾಗೇ ಇಲ್ಲ.”

ವಾದ್ಯ ಮುಟ್ಟದ ದೇವರ ಮುಂದೆ ನನ್ನಂಥವನ ಗತಿಯೇನು ಎಂದು ನಾನು ಯೋಚಿಸುತ್ತ ಆರತಿ ಹಿಡಿದೇ ನಿಂತಿದ್ದಾಗ, ಮಂಚದ ಮೇಲಿಂದ ಅತ್ತೆಯ ದನಿ ಬಂತು.

“ಬೀಗ್ರ ಆಡಾ ಇದು? ಏನಂತ ಬಯ್ತಾರವ್ವ?”

“ಮದುಮಗನ ಕೋಟು ಎರವಲು ತಂದಿದ್ದು, ಅವನ ಕುದುರೆ ಕುಂಟು ಅಂತಾರೆ ಅಜ್ಜಿ.”

“ಅಷ್ಟೇಯಾ? ಇಷ್ಟ್ ಬಯ್ಯಕ್ಕೆ ಅಷ್ಟೊಂದ್ ಜನ ಬೇಕಾ?”

ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಸೆರಗು ಜಾರಿದ್ದೂ ಗೊತ್ತಾಗಲಿಲ್ಲ. “ತಡೀರವ್ವ, ಇದ್ನ ಕೂತ್ಕಂಡು ಆಡಬಾರ್ದು. ಬೀಗ್ರ ಮುಂದೆ ನಿಂತೇ ಆಡ್ಬೇಕು” ಎಂದು ವಾಕರ್ ಹಿಡಿದು ಎದ್ದೇಬಿಟ್ಟರು. ಬಂಡಳ್ಳಿಯಲ್ಲಿ ಅಳಿಯನ ಎದುರು ನಿಲ್ಲದ ಅತ್ತೆಯರೂ ಬೀಗರ ಹಾಡಿನಲ್ಲಿ ಮಾತ್ರ ಏನು ಬೇಕಾದರೂ ಅನ್ನಬಹುದು, ಅದಕ್ಕೆ ಯಾರೂ ಬೇಸರಪಡುವಂತಿಲ್ಲ. ನಾನು ಆ ಮಾತನ್ನು ಮರೆತೇಬಿಟ್ಟಿದ್ದೆ. ಮನೆಯಲ್ಲಿ ಇದ್ದ ಗಂಡಿನ ಕಡೆಯವನು ನಾನೊಬ್ಬನೇ.

“ಮೂಗ್ನ ಮ್ಯಾಲೆ ಕನ್ನಡ್ಕ, ಮನೆಯೆಲ್ಲ ಉಡುಕ್ತಾನೆ,
ಉಪ್ಪಿನ್ ಡಬ್ಬಿ ಕೈಲಿಡ್ದು ಸಕ್ರೆ ಅಂತ ಆಕ್ತಾನೆ.”

ಹೆಂಡತಿ ಗಂಟೆ ಕೆಳಗಿಟ್ಟು ಹಿಮ್ಮೇಳಕ್ಕೆ ಸೇರಿದಳು. ಅವಳಿಗೆ ಪಾಠ ಹೇಳಿಕೊಡಬೇಕಾಗಲಿಲ್ಲ. ಪ್ರತಿ ಸಾಲಿಗೂ ಬೀಗನತ್ತ ಬೆರಳು ಮಾಡಬೇಕೆಂದು ಅತ್ತೆ ಒಂದೊಂದೇ ಹೆಜ್ಜೆ ಇಡುತ್ತ ಬಂದರು. ಮಂಚದಿಂದ ದೇವರಮನೆಯವರೆಗೆ ಬಂದು, ಆಯಾಸವಾಗಿ, ನನ್ನ ತೋಳನ್ನೇ ಹಿಡಿದುಕೊಂಡು ನಿಂತರು. ನನ್ನ ಕಣ್ಣು ತುಂಬಿ ಬಂತು. ಕರ್ಪೂರದ ಹೊಗೆ ಎಂದೆ.

“ದಿನಕ್ಕೆ ಎರಡು ಸಲ ಹೀಗೇ ನಡೀಬೇಕು ಅಜ್ಜಿ” ಎಂದಳು ಸೌಮ್ಯ.

ಅಂದಿನಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನನ್ನ ಮಾನ ಹರಾಜಾಗುತ್ತಿದೆ. ಸಾಲುಗಳು ದಿನಕ್ಕೊಂದು ಹೊಸದು. ಹಾಡಿಸಿಕೊಳ್ಳುವವನು ಎದುರಿಗಿದ್ದರಷ್ಟೇ ಅತ್ತೆಗೆ ಹೆಜ್ಜೆ ಬರುವುದು, ಹಾಗಾಗಿ ನನ್ನ ಕುರ್ಚಿಯನ್ನು ದಿನಾ ಸ್ವಲ್ಪ ದೂರ ಸರಿಸುತ್ತಿದ್ದೇನೆ. ನಿನ್ನೆ ಜಗಲಿಗೆ ಹಾಕಿಕೊಂಡು ಕೂತೆ. ಅತ್ತೆ ಅಲ್ಲಿಗೂ ಬಂದರು, ಪುಟ್ಟಮಾದಪ್ಪನ ಮನೆಯವರೆಲ್ಲ ಹೊರಗೆ ಬಂದು ಕೇಳಿದರು. ಸೌಮ್ಯಳ ಪ್ರಕಾರ ಇನ್ನು ಸ್ವಲ್ಪ ದಿನದಲ್ಲಿ ಅವರು ಬೀದಿಯ ಕೊನೆಯವರೆಗೂ ನಡೆಯಬಹುದಂತೆ. ಕುರ್ಚಿ ಹೊತ್ತುಕೊಂಡು ಅಲ್ಲಿಗೆ ಮೊದಲೇ ಹೋಗಿ ಕೂರಬೇಕಾದವನು ನಾನು.