ಎಳೆದವರು ಯಾರು?

ಕರುವಿನ ಕಾಲು ಮುರಿದವಳು ತಾನೇ. ಇದನ್ನು ಡೈರಿಯಲ್ಲಿ ಬರೆಯಲೂ ಅವಳಿಗೆ ಧೈರ್ಯ ಸಾಲಲಿಲ್ಲ. ದಿನಾಂಕವನ್ನಷ್ಟೇ ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಮನಸ್ಸಿನಲ್ಲೇ ಒಪ್ಪಿಕೊಂಡಳು.

ಪದವಿ ಮುಗಿಸಿ ದೊಡ್ಡಮ್ಮನ ಮನೆಗೆ ಬಂದು ಮೂರು ವಾರವಾಗಿತ್ತು. ಹಸು ಬಾಲ ಬೀಸಿದರೂ ಬೆಚ್ಚುವ ಹುಡುಗಿ, ಕೊಟ್ಟಿಗೆಯ ಕಡೆ ತಲೆ ಹಾಕಿರಲಿಲ್ಲ. ಇವತ್ತು ಬೆಳಿಗ್ಗೆ ದೊಡ್ಡಮ್ಮ ವರ್ತನೆಯ ಮನೆಗಳಿಗೆ ಹಾಲು ಹಾಕಲು ಹೋದಾಗಲೇ ಗಬ್ಬದ ಹಸುವಿಗೆ ನೋವು ಕಾಣಿಸಿಕೊಳ್ಳಬೇಕೆ! ಕೂಗು ಕೇಳಿ ಓಡಿದಳು. ಎರಡು ಗೊರಸು, ಒಂದು ಮೂತಿ ಹೊರಬಂದು ಅಲ್ಲಿಗೇ ನಿಂತಿದ್ದವು. ನಾಲಿಗೆ ನೀಲಿಗಟ್ಟಿತ್ತು. ಕೈಗೆ ಸಿಕ್ಕ ಟವೆಲನ್ನು ಆ ಕಾಲುಗಳಿಗೆ ಕಟ್ಟಿ, ಕಣ್ಣು ಮುಚ್ಚಿ ಎಳೆದಳು. ಕರು ಬಂದು ಮಡಿಲಿಗೇ ಬಿತ್ತು. ಅದು ಎದ್ದಾಗ ನೋಡಿದರೆ, ಮುಂಗಾಲಿನ ಗೊರಸೆರಡೂ ಹಿಂದಕ್ಕೆ ಮಡಚಿಕೊಂಡಿವೆ. ಪಾಪ, ಗೆಣ್ಣಿನ ಮೇಲೆ ನಿಂತು ನಡುಗುತ್ತಿದೆ!

“ಹಸು ತಾನಾಗೇ ಕರು ಹಾಕಿತೇನೇ?” ಎಂದು ದೊಡ್ಡಮ್ಮ ಬಂದವಳೇ ಕೇಳಿದಳು. ಇವಳು ಹೂಂ ಎಂದು ತಲೆಯಾಡಿಸಿಬಿಟ್ಟಳು.

ಪಶುವೈದ್ಯರು ಸಂಜೆ ಬರುವುದಾಗಿ ಫೋನಿನಲ್ಲಿ ಹೇಳಿದರು. ಅಲ್ಲಿಯವರೆಗೆ ಗಿಣ್ಣುಹಾಲು ಕುಡಿಸಬೇಕು, ಪೈಪನ್ನು ಉದ್ದಕ್ಕೆ ಸೀಳಿ, ದಪ್ಪಗೆ ಹತ್ತಿಯಿಟ್ಟು ಕಾಲಿಗೆ ಆಸರೆಯಾಗಿ ಕಟ್ಟಬೇಕು, ಬಿಗಿಯಾಗಬಾರದು.

ಪೈಪು ಎಂದ ಕೂಡಲೇ ಪಕ್ಕದ ಮನೆಯ ಪ್ಲಂಬರ್ ಗರಗಸದೊಂದಿಗೆ ಹಾಜರಾದ. ಕರೆಯದೆ ಬರುವ ಎದುರುಮನೆಯ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಬಗ್ಗಿದರು.

“ಇಲ್ನೋಡಿ! ಬಟ್ಟೆ ಕಟ್ಟಿ ಎಳೆದ ಗುರುತು! ಯಾರೋ ಜಗ್ಗಿದಾರೆ!”

ಅವಳು ಹಗ್ಗದ ಮೇಲೆ ಒಣಗುತ್ತಿದ್ದ ಟವೆಲನ್ನು ಎಳೆದು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು.

“ಬೆಳಿಗ್ಗೆ ಕೊಟ್ಟಿಗೆಯಿಂದ ಇವನು ಚೀಲ ಹಿಡ್ಕೊಂಡು ಹೊರಗೆ ಬಂದಿದ್ದನ್ನ ನಾನೇ ನೋಡಿದೀನಿ,” ಎಂದು ಮೇಷ್ಟ್ರು ಪ್ಲಂಬರನ ಕಡೆ ಬೆರಳು ತೋರಿಸಿದರು.

“ನಲ್ಲಿ ಸೋರ್ತಿತ್ತು ಅಂತ ಬಂದಿದ್ದೆ ಸಾರ್! ಆಗ ಹಸು ಆರಾಮಾಗಿ ಮೆಲುಕು ಹಾಕ್ತಿತ್ತು!”

“ನಲ್ಲಿ ತಿರುಚೋ ಹಾಗೆ ನನ್ನ ಕರು ಕಾಲು ತಿರುಚಿಬಿಟ್ಯೇನೋ?” ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟಳು. “ಎಳೆದೋರು ಯಾರಾದ್ರೂ ಸರಿ, ಅವರ ಕಾಲು ನಾನು ಮಡಚ್ತೀನಿ. ಆಮೇಲೆ ಈ ಮನೆ ಹೊಸ್ತಿಲು ತುಳಿಯೋಕೂ ಬಿಡಲ್ಲ!”

ಹುಡುಗಿ ತನ್ನ ಕಾಲುಗಳನ್ನು ಮೆಲ್ಲಗೆ ಲಂಗದೊಳಕ್ಕೆ ಎಳೆದುಕೊಂಡಳು. ಹೇಳಬೇಕೆಂದು ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ಬಂದದ್ದು ಕೆಮ್ಮು.

ಬೈಸಿಕೊಳ್ಳುತ್ತಲೇ ಪ್ಲಂಬರ್ ಪಟ್ಟಿ ಕಟ್ಟಿದ. ಕರು ಮರಗಾಲಿನವರಂತೆ ಎದ್ದು, ನಾಲ್ಕು ಹೆಜ್ಜೆ ಹಾಕಿ, ನೇರವಾಗಿ ಮೇಷ್ಟ್ರ ಮೇಲೆ ಕುಸಿಯಿತು. ಕನ್ನಡಕ ಸಗಣಿಯಲ್ಲಿ ಸಿಕ್ಕಿತು.

ಸಂಜೆ ಡಾಕ್ಟರು ಪಟ್ಟಿ ಬಿಚ್ಚಿ ನೋಡಿದರು. ಅವಳು ಕಂಬದ ಹಿಂದೆ ನಿಂತಿದ್ದಳು.

“ಇದು ಯಾರೂ ಮಾಡಿದ್ದಲ್ಲಮ್ಮ. ಹೊಟ್ಟೆಯಲ್ಲಿ ಜಾಗ ಸಾಲದೆ ಹೀಗಾಗಿದೆ. ಎರಡು ದಿನಕ್ಕೊಂದ್ಸಲ ಪಟ್ಟಿ ಬಿಚ್ಚಿ ಕಟ್ಟಿ, ನೆಟ್ಟಗಾಗುತ್ತೆ. ಅದಿರಲಿ, ಇಷ್ಟು ದೊಡ್ಡ ಕರೂನ ಎಳೆದೋರು ಯಾರು? ಅವರಿಲ್ಲದಿದ್ರೆ ತಾಯಿ ಮಗು ಎರಡೂ ಉಳೀತಿರಲಿಲ್ಲ!”

ಎಲ್ಲರೂ ಪ್ಲಂಬರನ ಕಡೆ ತಿರುಗಿದರು. ಬೆಳಗಿನಿಂದ ಆಣೆ ಹಾಕಿ ಸುಸ್ತಾಗಿದ್ದ ಅವನು ಮೀಸೆ ತೀಡಿಕೊಂಡ.

“ಅಯ್ಯೋ, ಅದೇನು ಮಹಾ ಡಾಕ್ಟ್ರೇ! ಏನೋ ಕೈಲಾದ್ದು...”

“ನಾನು ಆಗಲೇ ಹೇಳಲಿಲ್ವಾ!” ಎಂದರು ಮೇಷ್ಟ್ರು. ದೊಡ್ಡಮ್ಮ ಕಣ್ಣೊರೆಸಿಕೊಂಡು ಕಾಫಿಗೆ ಒಳಗೆ ಓಡಿದಳು.

ಹುಡುಗಿಗೆ ಜೀವ ಬಂದಂತಾಯಿತು. ತಪ್ಪೂ ತನ್ನದಲ್ಲ, ಹೊಗಳಿಕೆಯೂ ತನಗೆ ಬೇಡ. ಇನ್ನು ಬಾಯಿ ಬಿಡುವ ಅಗತ್ಯವೇ ಇಲ್ಲ.

ಡಾಕ್ಟರು ಪ್ಲಂಬರನ ರಟ್ಟೆ ಹಿಡಿದರು. “ಹಾಗಾದ್ರೆ ಗಾಡಿ ಹತ್ತಿ. ಹಿಂದಿನ ಬೀದೀಲೂ ಒಂದು ಕರು ಅರ್ಧಕ್ಕೇ ನಿಂತಿದೆ. ನಾನೊಬ್ಬನೇ. ಎಳೆದು ಗೊತ್ತಿರೋ ಕೈ ಬೇಕು.”

ಪ್ಲಂಬರನ ಮುಖ ಹತ್ತಿಯ ಬಣ್ಣಕ್ಕೆ ತಿರುಗಿತು. “ನಾನಲ್ಲ ಡಾಕ್ಟ್ರೇ! ನನ್ನಾಣೆ, ನಾನಲ್ಲ!”

“ನಾಚಿಕೆ ಅವನಿಗೆ. ತಳ್ಳಿ, ತಳ್ಳಿ!” ಎಂದು ಮೇಷ್ಟ್ರು ಬೆನ್ನಿಗೆ ಕೈ ಹಾಕಿಯೇಬಿಟ್ಟರು.

ಹಿಂದಿನ ಬೀದಿಯಿಂದ ಹಸುವಿನ ಕೂಗು ಕೇಳಿಸಿತು, ಬೆಳಿಗ್ಗೆ ಕೇಳಿದಂಥದ್ದೇ. ಅವಳು ಕಂಬ ಬಿಟ್ಟು ಮುಂದೆ ಬಂದಳು. ಈ ಸಲ ಕೆಮ್ಮು ಬರಲಿಲ್ಲ.

“ಎಳೆದಿದ್ದು ನಾನು.”