ಮಾಮಾನ ಕಿವಿಯೂ ಕಂಪನಿಯ ಹಸಿರು ಗೆರೆಯೂ

ನಮ್ಮ ಮಾಮಾ ಒಬ್ಬ ಇಲ್ಲದಿದ್ದರೆ ಈ ಭೂಮಿ ಇಷ್ಟು ಹೊತ್ತಿಗೆ ಹಂಚಿನ ಮೇಲೆ ಮರೆತ ರೊಟ್ಟಿಯಂತೆ ಕರಕಲಾಗಿರುತ್ತಿತ್ತು! ನಾನು ಹೇಳುತ್ತಿಲ್ಲ ಮಹಾರಾಯರೇ, ಅವನೇ ಹೇಳುತ್ತಾನೆ. ದಿನಾ ಹೇಳುತ್ತಾನೆ. ಚಹಾ ಕುಡಿಯುವಾಗ ಎರಡು ಸಲ ಹೇಳುತ್ತಾನೆ.

ಮಾಮಾ ಎಂದರೆ ಅವ್ವನ ತಮ್ಮ. ಕೆಲಸ ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ. ಯಾವುದು ಎಂದು ಕೇಳಬೇಡಿ. ನಮ್ಮ ಕಡೆ ಕಣ್ಣು ಮುಚ್ಚಿ ಕಲ್ಲು ಒಗೆದರೂ ಯಾವುದಾದರೊಂದು ಚಿಮಣಿಗೆ ಬೀಳುತ್ತದೆ. ತನ್ನ ಚಿಮಣಿ ಉಗುಳುವ ಇಂಗಾಲವನ್ನು ವರ್ಷ ವರ್ಷ ಇಳಿಸುತ್ತೇನೆಂದು ಕಂಪನಿ ಶಪಥ ಮಾಡಿದೆ. ಶಪಥಕ್ಕೆ ಸಾಕ್ಷಿ, ಆಫೀಸಿನ ಗೋಡೆಯ ಮೇಲಿನ ಚಾರ್ಟು. ಅದರಲ್ಲಿ ಕೆಳಗಿಳಿಯುವ ಒಂದು ಹಸಿರು ಗೆರೆ. ಗೆರೆ ಇಳಿಯಬೇಕಾದರೆ ಭಟ್ಟಿಯಲ್ಲಿ ಕಲ್ಲಿದ್ದಲು ಕಡಿಮೆ ಮಾಡಿ ತೊಗರಿ ಕಟ್ಟಿಗೆ ಉರಿಸಬೇಕು. ಕಟ್ಟಿಗೆ ಹಸಿಯಿತ್ತೋ, ಭಟ್ಟಿಯ ಕಾವು ಇಳಿದು, ಇನ್ನಷ್ಟು ಕಲ್ಲಿದ್ದಲು ಸುರಿದು, ಗೆರೆ ಮೇಲಕ್ಕೆ ಜಿಗಿಯುತ್ತದೆ. ಹಸಿಯೋ ಒಣಗಿದ್ದೋ ಎಂದು ತೀರ್ಪು ಕೊಡುವ ನ್ಯಾಯಾಧೀಶನೇ ನಮ್ಮ ಮಾಮಾ.

ಹೇಗೆ ಕೊಡುತ್ತಾನೆ? ಕಿವಿಯಿಂದ! ಟ್ರ್ಯಾಕ್ಟರ್ ಬಂದು ನಿಂತಿತೋ, ನಾಡಿ ನೋಡುವ ಹಕೀಮನ ಗತ್ತಿನಲ್ಲಿ ನಡೆದು ಹೋಗಿ, ಹೊರೆಯ ನಡುವಿನಿಂದ ಒಂದು ಕಟ್ಟಿಗೆ ಹಿರಿದು, ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಮುರಿಯುತ್ತಾನೆ. ಟಕ್ ಎಂದರೆ ಒಣ, ಒಳಗೆ. ಪಿಸ್ ಎಂದರೆ ಹಸಿ, ವಾಪಸ್! ಹಸಿ ಅಳೆಯುವ ಮಷೀನು ತರಿಸೋಣವೆಂದು ಮ್ಯಾನೇಜರ್ ಸಾಹೇಬರು ಅಂದರೆ, "ಮಷೀನಿಗಿ ಕಿವಿ ಅದಾವೇನ್ರಿ?" ಎಂದು ನಕ್ಕುಬಿಟ್ಟ.

ಸಾಹೇಬರು ನಗಲಿಲ್ಲ. "ಒಂದೇ ಒಂದು ಹಸಿ ಗಾಡಿ ಒಳಗ ಹೋಗ್ಲಿ, ಮಷೀನ್ ಬರ್ತದ, ನೀವು ಮನೀಗಿ ಹೋಗ್ತೀರಿ."

ಮನೆಗಾದರೂ ಬಂದು ಸುಮ್ಮನಿರುತ್ತಾನೆಯೇ? ಅವ್ವನ ಅಡುಗೆಮನೆಗೂ ಒಂದು ಹಸಿರು ಗೆರೆ ಎಳೆದ, ಕ್ಯಾಲೆಂಡರಿನ ಬೆನ್ನ ಮೇಲೆ.

"ಅಕ್ಕಾ, ಒಲಿಗಿ ಹಾಕೋ ತೊಗರಿ ಕಟ್ಟಿಗಿ ನಮ್ಮ ಕಾರ್ಖಾನಿಗಿ ಕೊಡು. ಲೋಕಕ್ಕ ಒಳ್ಳೇದಾಗ್ತದ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಹೊಗಿ ನನ್ನ ಒಲ್ಯಾಗ ಬಂದ್ರ ಪಾಪ, ನಿನ್ನ ಭಟ್ಟ್ಯಾಗ ಬಂದ್ರ ಪುಣ್ಯ, ಹೌದಲ್ಲೋ? ಎದ್ದು ಹೋಗ್ತೀಯೋ, ನಿನ್ನೇ ಒಲಿಗಿ ಹಾಕ್ಲೋ?"

ಕ್ಯಾಲೆಂಡರು ಅವತ್ತೇ ಒಲೆ ಸೇರಿತು. ಅದು ಮಾತ್ರ ಚೆನ್ನಾಗಿ ಒಣಗಿತ್ತು.

ಹೆಡ್ ಆಫೀಸಿನವರು ಹಸಿರು ಗೆರೆ ನೋಡಲು ಬಂದದ್ದು ಹೇಗೆ ಅಂತೀರಿ? ಏಳು ಕಾರಿನಲ್ಲಿ! ಬಂದ ದೊಡ್ಡ ಸಾಹೇಬರು ಒಳಗೆ ಭಾಷಣ ಮಾಡುವಷ್ಟು ಹೊತ್ತೂ ಹೊರಗೆ ಏಳೂ ಕಾರು ಎ.ಸಿ. ಹಾಕಿಕೊಂಡು ಗುರುಗುಟ್ಟುತ್ತಿದ್ದವು. ಮಾಮಾ ಸೀದಾ ಸಭೆಗೆ ನುಗ್ಗಿ ಕೈಕಟ್ಟಿ ನಿಂತ. "ಸಾಹೇಬ್ರ, ನೀವು ಬಂದ ಹೊಗಿ ಯಾರ ಗೆರಿಗಿ ಹಚ್ಚಬೇಕ್ರಿ?" ಆಮೇಲೆ ಅವನನ್ನು ಯಾವ ಸಭೆಗೂ ಕರೆಯಲಿಲ್ಲ. ಕರೆದಿರಲೂ ಇಲ್ಲ ಬಿಡಿ!

ಇನ್ನು ನನ್ನ ಘನಕಾರ್ಯ. ಮಾಮಾನ ಕೈಕೆಳಗಿದ್ದು, ಬಂದ ಗಾಡಿಗಳ ಲೆಕ್ಕ ಬರೆದುಕೊಳ್ಳುವುದು ನನ್ನ ಕೆಲಸ, ಕಂಡವರ ದನಿ ಅಣಕಿಸುವುದು ನನ್ನ ವಿದ್ಯೆ. ವಾಡಿ ಸ್ಟೇಷನ್ನಿನಲ್ಲಿ ಒಮ್ಮೆ ಮೂಗು ಹಿಡಿದು ರೈಲು ಬಂತೆಂದು ಸಾರಿ, ನಾಲ್ಕು ಮಂದಿಯನ್ನು ಸುಮ್ಮನೆ ಎಬ್ಬಿಸಿದ ಮಹಾನುಭಾವ ನಾನು. ಇಂಥ ಪ್ರತಿಭೆ ಇರುವುದರಿಂದಲೇ ಬೇರೆ ಯಾವ ಕೆಲಸವೂ ಸಿಕ್ಕಿಲ್ಲ.

ಅವತ್ತು ಕುರಕುಂಟಾದಿಂದ ಟ್ರ್ಯಾಕ್ಟರ್ ಬಂತು. ತೂಕ ಹೆಚ್ಚಲೆಂದು ಒಳಗೆ ನೀರು ಹೊಡೆದಿದ್ದರು. ಹಿಂದಿನಿಂದ ತೊಟ್ಟಿಕ್ಕುವುದು ನನಗೆ ಕಂಡಿತ್ತು. ಮಾಮಾ ಎದುರಿನಿಂದ ಹೋಗಿ ಕಟ್ಟಿಗೆ ಹಿರಿದ, ಕಣ್ಣು ಮುಚ್ಚಿದ, ಮುರಿದ. ಅದೇ ಗಳಿಗೆಗೆ ಅವನ ಬೆನ್ನ ಹಿಂದೆ ನಿಂತು ನಾಲಿಗೆಯಲ್ಲಿ ಜೋರಾಗಿ ನಾನೇ ಅಂದೆ: ಟಕ್!

ಮಾಮಾನ ಮುಖ ಅರಳಿತು ನೋಡಿ! "ಆಹಾ! ಕೇಳಿದ್ಯೇನೋ? ಗಂಟಿ ಬಾರ್ಸಿದಂಗ ಅಂತು! ಬಿಡ್ರೋ ಒಳಗ!"

ಹಮಾಲರು ಬಿದ್ದು ಬಿದ್ದು ನಕ್ಕರು, ನನಗೆ ಭಜಿ ತಿನ್ನಿಸಿದರು. ತಿಂದ ಮೇಲೆ ಹೇಳಿ ಗಾಡಿ ವಾಪಸ್ ಕಳಿಸಿದರಾಯಿತು ಎಂದುಕೊಂಡೆ. ಕೈ ಒರೆಸಿಕೊಂಡು ಬರುವಷ್ಟರಲ್ಲಿ ಕಟ್ಟಿಗೆ ಭಟ್ಟಿ ಸೇರಿತ್ತು.

ಮರುದಿನ ಹಸಿರು ಗೆರೆ ಹಾವಿನ ಹೆಡೆಯಂತೆ ಎದ್ದು ನಿಂತಿತು. ಸಾಹೇಬರು ಕರೆಸಿದರು. ನಾನು ಬಾಗಿಲ ಬಳಿ ನಿಂತಿದ್ದೆ, ಊರೆಲ್ಲ ಅಣಕಿಸುವ ಬಾಯಿ ಮುಚ್ಚಿಕೊಂಡು.

"ನಂದೇ ತಪ್ಪುರಿ," ಎಂದ ಮಾಮಾ.

"ಮಷೀನ್ ತರಸ್ತೀನಿ. ಅದು ಬರೋತನಕ ಇರ್ರಿ," ಎಂದರು ಸಾಹೇಬರು.

ಮನೆಗೆ ಹೋಗುವ ದಾರಿಯಲ್ಲಿ ಮಾಮಾ ತಾನಾಗಿಯೇ ಬಾಯಿಬಿಟ್ಟ. "ಹಸಿ ಅದ ಅಂತ ಕೈಗಿ ಗೊತ್ತಾಗಿತ್ತೋ. ಎರಡು ವರ್ಷ ಆತು, ಕಿವಿ ಹೋಗ್ಯದ. ಜೋರಾಗಿ ಅಂದ್ರ ಕೇಳ್ತದ, ಸಣ್ಣ ಸಪ್ಪಳ ಕೇಳಂಗಿಲ್ಲ. ಎಷ್ಟು ವರ್ಷ ಕಾರ್ಖಾನಿ ಕಲ್ಲು ಬೀಸೋ ಗಿರಣಿ ಸಪ್ಪಳದಾಗ ನಿಂತೀನಿ ನೋಡು. ಕೈಯಿಂದ ನೋಡಿ, ಕಿವಿಯಿಂದ ಅಂತ ನಾಟಕ ಮಾಡ್ಲಿಕತ್ತಿದ್ದೆ. ನಿನ್ನಿ ಏನಾತೋ ಏನೋ, ಭಾಳ ದಿನಕ್ಕ ಟಕ್ ಅನ್ನೋದು ಸ್ವಚ್ಛ ಕೇಳಿತು. ಕಿವಿ ತಿರುಗಿ ಬಂತು ಅನ್ಕೊಂಡೆ. ಖುಷಿಯಾಗಿ ಕೈ ಮಾತು ಕೇಳಲಿಲ್ಲ."

ನಾನು ಮೆಲ್ಲಗೆ ಅಂದೆ: "ಮಾಮಾ, ಅದು ನಾನು."

"ಏನಂದಿ?"

"ಏನಿಲ್ಲ."

ಜೋರಾಗಿ ಹೇಳುವ ಧೈರ್ಯ ಈ ಗಂಟಲಿಗೆ ಎಲ್ಲಿಂದ ಬರಬೇಕು?

ಮರುದಿನ ಗುಂಡಗುರ್ತಿಯಿಂದ ಗಾಡಿ ಬಂತು. ಮಾಮಾ ಕಟ್ಟಿಗೆ ಹಿರಿದು ಕಿವಿಗೆ ಹಿಡಿದ. ಈ ಸಲ ಕಣ್ಣು ಮುಚ್ಚಲಿಲ್ಲ. ಕಟ್ಟಿಗೆ ಒಣಗಿತ್ತು, ಮುರಿದದ್ದು ನನಗೆ ಕೇಳಿತು. ಅವನ ಮುಖದಲ್ಲಿ ಮಾತ್ರ ಏನೂ ಆಗಲಿಲ್ಲ. ನಾನು ಬೆನ್ನ ಹಿಂದಿನಿಂದ ಬಂದು ಅವನ ಎದುರಿಗೇ ನಿಂತು ಅಂದೆ: ಟಕ್!

ಮಾಮಾ ನನ್ನ ಬಾಯಿಯನ್ನೇ ನೋಡಿದ.

"ಕುರಕುಂಟಾ ಗಾಡೀದೂ ನಿಂದೇ ಏನು?"

ತಲೆಯಾಡಿಸಿದೆ. ಕೆನ್ನೆಗೆ ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಕೈ ಬಂದು ಹೆಗಲ ಮೇಲೆ ಕೂತಿತು.

"ಕಟ್ಟಿಗಿಗಿಂತ ಚಲೋ ಅಂತೀಯಲ್ಲೋ, ಭಾಡ್ಯಾ. ಇನ್ನೊಮ್ಮೆ ಅನ್ನು," ಎಂದು ತಲೆ ತಿರುಗಿಸಿದ. "ಈ ಕಿವಿ ಕಡೀಗಿ ಬಂದು ಅನ್ನು."