ಗೊಂಬೆಯಾಟದ ಸಂಘಕ್ಕೆ ನಾನು ಅಧ್ಯಕ್ಷನಾಗಿದ್ದು

ಅರ್ಜಿ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ನಾಗಮಂಗಲ ತಾಲ್ಲೂಕಿನಲ್ಲೇ ಇರಲಿಲ್ಲ. ಇದು ನನ್ನ ಅಭಿಪ್ರಾಯ. ಬೇರೆಯವರನ್ನು ಕೇಳಲು ಹೋಗಿರಲಿಲ್ಲ.

ಅರವತ್ತರ ದಶಕದ ಮಾತು. ನಾನು ನಮ್ಮೂರ ಪ್ರೈಮರಿ ಶಾಲೆಯ ಮೇಷ್ಟ್ರು. ಕೆರೆ ಏರಿಯ ಪಕ್ಕದಲ್ಲಿ ತೊಗಲುಗೊಂಬೆ ಆಡಿಸುವ ವೀರಯ್ಯ, ಅವನ ಹೆಂಡತಿ ತಿಮ್ಮವ್ವ ಇದ್ದರು. ಮುತ್ತಾತನ ಕಾಲದಿಂದ ಅವರ ಮನೆತನದ ಕಸುಬೇ ಅದು. ಆದರೆ ಗೊಂಬೆಗಳು ಸೀಳು ಬಿಟ್ಟಿದ್ದವು. ಪರದೆಯಲ್ಲಿ ಬಟ್ಟೆಗಿಂತ ತೇಪೆಯೇ ಹೆಚ್ಚಾಗಿತ್ತು. ಜನ ಟೂರಿಂಗ್ ಟಾಕೀಸಿನ ಕಡೆ ತಿರುಗಿದ್ದರು.

"ಈ ಸುಗ್ಗಿ ಮುಗೀಲಿ ಮೇಷ್ಟ್ರೇ, ಪೆಟ್ಗೆ ಮೂಲೆಗಾಕ್ಬುಟ್ಟು ಚಿನಕುರಳಿ ಕಡೀಕೆ ಕಲ್ಲು ಒಡೆಯಕ್ಕೆ ಓಯ್ತೀವಿ," ಎಂದ ವೀರಯ್ಯ ಒಂದು ದಿನ.

ಅದೇ ವಾರ ಶಾಲೆಗೆ ಒಂದು ಸುತ್ತೋಲೆ ಬಂತು. ಹಳ್ಳಿಯ ಕಲಾ ಸಂಘಗಳಿಗೆ ಸರ್ಕಾರದ ಸಹಾಯಧನ! ನಾನು ಓಡಿಹೋಗಿ, "ವೀರಯ್ಯ, ನೀನ್ ಸುಮ್ಕಿರು, ನಾನಿದ್ದೀನಿ!" ಎಂದೆ. ಅವನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಸಂಘ ಅಂದಮೇಲೆ ಪದಾಧಿಕಾರಿಗಳು ಬೇಕಲ್ಲ? ಅಧ್ಯಕ್ಷ: ನಾನು. ಕಾರ್ಯದರ್ಶಿ: ನನ್ನ ಹೆಂಡತಿ ಜಯಮ್ಮ. ರುಜು ಹಾಕು ಅಂದಾಗ ಅವಳು ರಾಗಿ ಬೀಸುತ್ತಿದ್ದಳು.

"ಅಲ್ಲಾ ಕಣ್ರೀ, ಗೊಂಬೆ ಕುಣ್ಸೋರು ಅವ್ರು. ಅಧ್ಯಕ್ಷ್ರು ನೀವ್ ಯಂಗಾಯ್ತೀರಿ?"

"ಇದು ಆಡಳಿತ ಕಣೇ. ಕುಣಿಸೋದು ಬೇರೆ, ಆಡಳಿತ ಬೇರೆ."

"ಯಾವ್ದೂ ನಂಗೊತ್ತಿಲ್ಲ. ಇಟ್ಟಿನ ಕೈ ಐತೆ, ಕಾಗ್ದ ಕೊಳೆ ಆದ್ರೆ ಬೈಬ್ಯಾಡಿ," ಎಂದು ರುಜು ಹಾಕಿದಳು.

ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: 'ಪದಾಧಿಕಾರಿಗಳು ಈ ಕಲೆಯನ್ನು ಪರಂಪರೆಯಿಂದ ನಡೆಸಿಕೊಂಡು ಬಂದವರೇ?' 'ಹೌದು' ಎಂದು ಬರೆದೆ. 'ಎಷ್ಟು ತಲೆಮಾರಿನಿಂದ?' ನಮ್ಮ ತಾತ ಕ್ಯಾತನಹಳ್ಳಿಯಲ್ಲಿ ಕಬ್ಬು ಬೆಳೆಯುತ್ತಿದ್ದರು. ಗೊಂಬೆ ಕಂಡರೆ ಹೆದರುತ್ತಿದ್ದರೆಂದೂ ಕೇಳಿದ್ದೆ. ಒಂದೇ ತಲೆಮಾರು ಎಂದರೆ ಮರ್ಯಾದೆಯಲ್ಲ ಅನ್ನಿಸಿ, 'ಏಳು' ಎಂದು ಬರೆದು ಮೊಹರು ಒತ್ತಿದೆ.

ಉತ್ತರ ಬಂತು. 'ಮಂಗಳವಾರ ಅಧಿಕಾರಿಗಳು ಬಂದು ಅಧ್ಯಕ್ಷರ ಕಲಾಪ್ರದರ್ಶನವನ್ನು ಪರಿಶೀಲಿಸುವರು.'

ಎರಡು ಸಲ ಓದಿದೆ. ಮೂರನೆಯ ಸಲ ಓದುವ ಬದಲು ವೀರಯ್ಯನ ಮನೆಗೆ ಓಡಿದೆ.

ವೀರಯ್ಯ ಧೈರ್ಯ ಹೇಳಿದ. "ನೀವ್ ಪರದೆ ಇಂದೆ ಸುಮ್ಕೆ ಕುಂತ್ಕಳಿ ಮೇಷ್ಟ್ರೇ. ಆಡ್ಸೋದು ನಾವು. ಸಾಹೇಬ್ರಿಗೇನ್ ಕಂಡಾತು?"

ಮಂಗಳವಾರ ಮಧ್ಯಾಹ್ನ ಶಾಲೆಯ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲು ಮಾಡಿದೆವು. ಪರದೆಯ ಹಿಂದೆ ಗ್ಯಾಸ್‌ಲೈಟು ಹಚ್ಚಿದೆವು. ಮುಂದೆ ಊರಿನ ಜನ, ನನ್ನ ಮೂರೂ ಕ್ಲಾಸಿನ ಮಕ್ಕಳು, ನಡುವೆ ಕುರ್ಚಿಯ ಮೇಲೆ ಜೀಪಿನಲ್ಲಿ ಬಂದಿಳಿದ ಸಾಹೇಬರು. ನಾನು ಕೋಟು ತೊಟ್ಟು, ಪೇಟ ಸುತ್ತಿ ಪರದೆಯ ಹಿಂದೆ ವಿರಾಜಮಾನನಾದೆ. ತಿಮ್ಮವ್ವ ಹಾಡಿದಳು. ವೀರಯ್ಯ ಆಡಿಸಿದ. ರಾಜ ಬಂದ, ಕುದುರೆ ಕುಣಿಯಿತು, ಜನ ಚಪ್ಪಾಳೆ ತಟ್ಟಿದರು. ಎಲ್ಲ ನನ್ನದೇ ಎಂಬಂತೆ ನಾನು ತಲೆದೂಗುತ್ತಿದ್ದೆ.

"ಬಹಳ ಚೆನ್ನಾಗಿದೆ!" ಎಂದ ಸಾಹೇಬರು ಎದ್ದು ಸೀದಾ ಪರದೆಯ ಹಿಂದಕ್ಕೇ ಬಂದುಬಿಟ್ಟರು. "ಅಧ್ಯಕ್ಷರೇ, ಈಗ ನೀವೊಬ್ಬರೇ ಆಡಿಸಿ. ನಾನು ಇಲ್ಲೇ ನಿಂತು ನೋಡುತ್ತೇನೆ."

ರಾಜನ ಗೊಂಬೆ ಎತ್ತಿದೆ. ತಲೆ ಕೆಳಗಾಗಿತ್ತು. ಸರಿಮಾಡಲು ಎದ್ದು ನಿಂತೆ. ದೀಪ ನನ್ನ ಬೆನ್ನ ಹಿಂದೆ ಆಯಿತು. ನನ್ನ ಹೊಟ್ಟೆ, ನನ್ನ ಪೇಟ, ಪರದೆಯ ತುಂಬ ನನ್ನದೇ ನೆರಳು!

"ರಾಕ್ಷಸ ಬಂದ! ರಾಕ್ಷಸ ಬಂದ!" ಎಂದು ಮಕ್ಕಳು ಕೂಗಿದವು.

"ರಾಕ್ಷಸ ಅಲ್ಲ ಕಣ್ಲಾ, ನಮ್ ಮೇಷ್ಟ್ರು!" ಎಂದು ಯಾರೋ ತಿದ್ದಿದರು.

ಮಾತು ಬೇಕಲ್ಲ? ಆಗತಾನೆ ಕೇಳಿದ್ದ ಆಟದ ಒಂದು ಮಾತೂ ನೆನಪಿಗೆ ಬರಲಿಲ್ಲ. ನನಗೆ ಬಾಯಿಪಾಠ ಇದ್ದದ್ದು ಒಂದೇ. ಹಾಜರಿ ಪುಸ್ತಕ! ರಾಜನ ಕೈ ಮೇಲೆತ್ತಿ ಗಟ್ಟಿಯಾಗಿ ಕೂಗಿದೆ: "ಕರೀಗೌಡ!"

"ಬಂದಿವ್ನಿ ಸಾ!" ಎಂದಿತು ಪರದೆಯ ಆಚೆಯಿಂದ.

"ಚಿಕ್ಕಮ್ಮ!"

"ಬಂದಿವ್ನಿ ಸಾ!"

ಅಷ್ಟರಲ್ಲಿ ರಾಜನ ಕೈ ಕಿತ್ತು ನನ್ನ ಕೈಗೇ ಬಂತು.

ಸಾಹೇಬರು ಆ ತುಂಡನ್ನು ದೀಪಕ್ಕೆ ಹಿಡಿದು ನೋಡಿದರು. "ಇದು ಯಾವ ಪ್ರಾಣಿಯ ಚರ್ಮ, ಅಧ್ಯಕ್ಷರೇ?"

ಅವರ ಬೆನ್ನ ಹಿಂದೆ ವೀರಯ್ಯ ನನ್ನನ್ನು ಉಳಿಸಲು ಗಡ್ಡ ನೀವಿಕೊಂಡು ತೋರಿಸಿದ. ಮೇಕೆಯ ಗಡ್ಡ ಎಂದು ಅವನ ಭಾವ. ನನಗೆ ತಟ್ಟನೆ ಹೊಳೆಯಿತು.

"ಋಷಿಗಳದು ಸಾರ್!"

ತಿಮ್ಮವ್ವ ಕಿಸಕ್ಕನೆ ನಕ್ಕಳು. ಅದಾದಮೇಲೆ ಊರೇ ನಕ್ಕಿತು. ಸಾಹೇಬರೂ ನಕ್ಕರು. ಆದರೆ ಫೈಲು ತೆಗೆದಾಗ ಅವರ ಮುಖದಲ್ಲಿ ನಗು ಇರಲಿಲ್ಲ.

"ನೋಡಿ ಮೇಷ್ಟ್ರೇ, ಕಸುಬಿನವರೇ ನಡೆಸುವ ಸಂಘಕ್ಕೆ ಮಾತ್ರ ಈ ಸಹಾಯ. ಅವರ ಹೆಸರಿನಲ್ಲಿ ಬೇರೆಯವರು ಯಜಮಾನಿಕೆ ಮಾಡಬಾರದು ಅಂತಲೇ ಈ ನಿಯಮ ಇರೋದು. ನಿಮ್ಮ ಅರ್ಜಿ ವಜಾ."

ವೀರಯ್ಯ ಗೊಂಬೆಗಳನ್ನು ಪೆಟ್ಟಿಗೆಯಲ್ಲಿ ಜೋಡಿಸತೊಡಗಿದ. ಅವನು ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

"ಸಾರ್, ತಪ್ಪು ನನ್ನದು. ಅವರಿಗೆ ಏನೂ ಗೊತ್ತಿಲ್ಲ. ಏಳು ತಲೆಮಾರು ಅಂತ ಬರೆದಿದ್ದು ಸುಳ್ಳು. ನಂದು ಅರ್ಧ ತಲೆಮಾರೂ ಇಲ್ಲ," ಎಂದೆ.

ತಿಮ್ಮವ್ವ ಅಷ್ಟರಲ್ಲಿ ಸೂಜಿ ದಾರ ತೆಗೆದು ರಾಜನ ಕೈ ಹೊಲಿದಾಗಿತ್ತು. ದೀಪದ ಮುಂದೆ ಕೂತು, ಎರಡು ಕೈಯಲ್ಲಿ ಎರಡು ಗೊಂಬೆ ಹಿಡಿದು, ಗಂಡು ದನಿ ಹೆಣ್ಣು ದನಿ ಎರಡೂ ಅವಳೇ ಆಗಿ ಆಡಿಸತೊಡಗಿದಳು. ರಾಜ ಕೋಪ ಮಾಡಿಕೊಂಡ, ರಾಣಿ ಮುನಿಸಿಕೊಂಡಳು. ಸಾಹೇಬರು ಪರದೆಯ ಮುಂದಕ್ಕೆ ಹೋಗಿ ಮಕ್ಕಳ ಜೊತೆ ನೆಲದ ಮೇಲೇ ಕೂತುಬಿಟ್ಟರು.

ಆಟ ಮುಗಿದಮೇಲೆ, "ಜೀಪು ಹೊರಡುವುದರೊಳಗೆ ಇವರದೇ ಹೆಸರಿನಲ್ಲಿ ಹೊಸ ಅರ್ಜಿ ಕೊಡಿ," ಎಂದರು. ನಾನು ನೆಲಕ್ಕೆ ಕೂತು ಬರೆದೆ. ಅಧ್ಯಕ್ಷೆ: ತಿಮ್ಮವ್ವ. ಕಾರ್ಯದರ್ಶಿ: ವೀರಯ್ಯ. ಇಬ್ಬರೂ ಹೆಬ್ಬೆಟ್ಟು ಒತ್ತಿದರು.

"ನಾನು?" ಎಂದು ಮೆಲ್ಲಗೆ ಕೇಳಿದೆ.

"ನೀವ್ ಬರೀರಿ ಮೇಷ್ಟ್ರೇ. ಅಕ್ಷರ ದುಂಡಗವೆ," ಎಂದಳು ಅಧ್ಯಕ್ಷೆ.

ಮಂಜೂರಾತಿ ಪತ್ರ ನಾಗಮಂಗಲದ ತಾಲ್ಲೂಕು ಕಚೇರಿಗೆ ಬಂತು. ಸಹಾಯಧನ ಸಿಕ್ಕಿತು. ಕಲ್ಲು ಒಡೆಯುವ ಮಾತು ಅಲ್ಲಿಗೆ ನಿಂತಿತು. ಪತ್ರ ಕೊಡುವ ದಿನ ಅಲ್ಲೇ ಒಂದು ಆಟವೂ ಇತ್ತು. ನಾನೂ ಕೋಟು ತೊಟ್ಟು ಹೊರಟೆ. ಬಸ್ಸಿಗೆ ಹತ್ತಿಸಲು ಗೊಂಬೆ ಪೆಟ್ಟಿಗೆಗೆ ಕೈ ಹಾಕಿದೆ.

"ಅಯ್, ಬುಡಿ ಬುಡಿ!" ತಿಮ್ಮವ್ವ ಹಾರಿಬಂದಳು. "ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ. ಪೆಟ್ಗೆ ಒಂದ ಮುಟ್ಬ್ಯಾಡಿ. ಈ ಚಾಪೆ ಇಡ್ಕಳಿ."

ಚಾಪೆ ಸುರುಳಿ ತಬ್ಬಿಕೊಂಡು ಕೂತೆ. ಕೋಟು, ಪೇಟ, ಚಾಪೆ. ಪಕ್ಕದ ಸೀಟಿನ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಚಾಪೆಯ ಅಂಚು ಹಿಸುಕಿ ನೋಡಿದರು.

"ಎಷ್ಟಕ್ ಕೊಡ್ತೀರಿ?"

ನಾನು ಮುಂದಿನ ಸೀಟು ತೋರಿಸಿದೆ. "ಅಧ್ಯಕ್ಷ್ರನ್ನ ಕೇಳಿ."